ವಿಶ್ವಾಸಕ್ಕೆ ಪುರಾವೆ ಬೇಕೇ?

(ದೇವಾಲಯದ ಶತಮಾನೋತ್ಸವದ ಅಂಗವಾಗಿ ಏರ್ಪಡಿಸಿದ್ದ ವಿಚಾರಗೋಷ್ಠಿಯಲ್ಲಿ ಮಾಡಿದ ಭಾಷಣ)



ನೂರು ವರ್ಷ ತುಂಬಿದ ಈ ದೇವಾಲಯದ ಅಂಗಳದಲ್ಲಿ ನಿಂತು ಮಾತನಾಡುವ ಭಾಗ್ಯ ನಮಗೆ ಒದಗಿದುದಕ್ಕಾಗಿ ಮೊದಲು ದೇವರಿಗೂ, ಅನಂತರ ಉತ್ಸವ ಸಮಿತಿಯವರಿಗೂ ಕೃತಜ್ಞರಾಗಿದ್ದೇವೆ. ಸಮಿತಿಯವರು ವಿಷಯದ ಆಯ್ಕೆಯನ್ನು ನಮಗೇ ಬಿಟ್ಟಿದ್ದರು. ಇಂಥ ಸಂದರ್ಭದಲ್ಲಿ ಧರ್ಮಕೇಂದ್ರದ ಚರಿತ್ರೆಯನ್ನು ಹೇಳುವುದು, ಹಿರಿಯರ ತ್ಯಾಗವನ್ನು ಕೊಂಡಾಡುವುದು ವಾಡಿಕೆ. ಆ ಕಾರ್ಯವನ್ನು ನಮಗಿಂತ ಚೆನ್ನಾಗಿ ಬಲ್ಲವರು ಬೆಳಗಿನ ಗೋಷ್ಠಿಯಲ್ಲಿ ನೆರವೇರಿಸಿದ್ದಾರೆ. ನಾವು ಆರಿಸಿಕೊಂಡ ವಿಷಯ ಕೊಂಚ ಮುಳ್ಳಿನದು. ದೇವರು ಇದ್ದಾರೆಂಬುದಕ್ಕೆ ಪುರಾವೆ ಏನು? ಪುರಾವೆಯಿಲ್ಲದೆ ವಿಶ್ವಾಸವಿಡುವುದು ವಿವೇಕಿಗಳಿಗೆ ತಕ್ಕುದೇ? ಹಬ್ಬದ ದಿನ ಇಂಥ ಪ್ರಶ್ನೆ ಏಕೆಂದು ಕೆಲವರು ಹುಬ್ಬೇರಿಸಬಹುದು. ಅದಕ್ಕೆ ಕಾರಣವುಂಟು, ಅದನ್ನು ಮರೆಮಾಚದೆ ಹೇಳಿಬಿಡುತ್ತೇವೆ.

ಹಲವು ವರ್ಷಗಳ ಹಿಂದಿನ ಮಾತು. ನಾವು ಆಗತಾನೇ ಗುರುದೀಕ್ಷೆ ಪಡೆದು ಒಂದು ಹಳ್ಳಿಯ ಧರ್ಮಕೇಂದ್ರದಲ್ಲಿ ಸಹಾಯಕ ಗುರುಗಳಾಗಿದ್ದೆವು. ಆ ಊರಿನ ಒಬ್ಬ ತಾಯಿ ಬಹುಕಾಲದ ಕಾಯಿಲೆಯಿಂದ ನರಳಿ ಮಳೆಗಾಲದಲ್ಲಿ ತೀರಿಕೊಂಡರು. ಅವರು ಗುಣಹೊಂದಲೆಂದು ಊರಿಗೆ ಊರೇ ನವೇನ ಮಾಡಿತ್ತು; ಒಂಬತ್ತು ರಾತ್ರಿ ಅವರ ಮನೆಯ ಪಡಸಾಲೆಯಲ್ಲಿ ಜಪಸರ ನಡೆದಿತ್ತು. ಮೂವತ್ತನೆಯ ದಿನದ ಬಲಿಪೂಜೆ ಮುಗಿದ ಮೇಲೆ ಅವರ ಮಗ, ಎಂಜಿನಿಯರಿಂಗ್ ಓದುತ್ತಿದ್ದ ಹುಡುಗ, ಗುರುನಿವಾಸದ ಬಾಗಿಲಿಗೆ ಬಂದು ನಿಂತ. ಕುಳಿತುಕೊಳ್ಳಲೂ ಒಪ್ಪಲಿಲ್ಲ. “ಸ್ವಾಮಿ, ದೇವರಿದ್ದಾರೆ ಅನ್ನುವುದಕ್ಕೆ ಪುರಾವೆ ಏನಿದೆ?” ಎಂದು ಕೇಳಿದ.

ಸೆಮಿನರಿಯ ಪಾಠಗಳು ಆಗ ನಮ್ಮ ನಾಲಿಗೆಯ ತುದಿಯಲ್ಲಿದ್ದವು. ಕಾಗದ, ಪೆನ್ಸಿಲು ತೆಗೆದುಕೊಂಡು ಸಂತ ತೋಮಸ್ ಅಕ್ವಿನಾಸರ ಐದು ದಾರಿಗಳನ್ನು ಒಂದೊಂದಾಗಿ ವಿವರಿಸಿದೆವು. ಅಡ್ಡಪ್ರಶ್ನೆ ಬಂದರೆ ಏನು ಹೇಳಬೇಕೆಂಬುದನ್ನೂ ಸಿದ್ಧಪಡಿಸಿಕೊಂಡಿದ್ದೆವು. ಹುಡುಗ ಅಡ್ಡಪ್ರಶ್ನೆ ಹಾಕಲಿಲ್ಲ. ಕೊನೆಯವರೆಗೂ ಮರ್ಯಾದೆಯಿಂದ ಕೇಳಿ, “ಆಯಿತು ಸ್ವಾಮಿ” ಎಂದು ಹೊರಟುಹೋದ. ಅಂದಿನಿಂದ ಅವನು ದೇವಾಲಯದ ಮೆಟ್ಟಿಲು ಹತ್ತಲಿಲ್ಲ. ನಾವು ಹೇಳಿದುದರಲ್ಲಿ ಸುಳ್ಳೇನೂ ಇರಲಿಲ್ಲ. ಆದರೂ ಆ ದಿನದ ನಮ್ಮ ವಾಕ್ಚಾತುರ್ಯವನ್ನು ನೆನೆದರೆ ಈಗಲೂ ನಾಚಿಕೆಯಾಗುತ್ತದೆ.

ಪುರಾವೆಯೆಂದರೆ ಏನೆಂಬುದನ್ನು ಮೊದಲು ನೋಡೋಣ. ಈ ದೇವಾಲಯದ ಕಪಾಟಿನಲ್ಲಿ ಜ್ಞಾನಸ್ನಾನದ ದಫ್ತರಗಳಿವೆ. ಹಳೆಯವು ಲತೀನ್ ಭಾಷೆಯಲ್ಲಿವೆ. ಮಸಿ ಕಂದಿದೆ, ಅಂಚುಗಳನ್ನು ಹುಳು ತಿಂದಿದೆ. ನಿನ್ನೆ ಸಂಜೆ ವಿಚಾರಣಾ ಗುರುಗಳು ಅವುಗಳನ್ನು ನಮಗೆ ತೋರಿಸಿದರು. ಶಿಶುಗಳಾಗಿದ್ದಾಗಲೇ ಜ್ಞಾನಸ್ನಾನ ಪಡೆದ ನಮ್ಮಲ್ಲಿ ಯಾರಿಗಾದರೂ ಆ ದಿನದ ನೆನಪುಂಟೇ? ಇಲ್ಲ. ದಫ್ತರದಲ್ಲಿ ಒಂದು ಸಾಲು ಇದೆ, ಅಜ್ಜಿ ಹೇಳಿದ ಮಾತಿದೆ, ಜ್ಞಾನತಂದೆಯೆಂದು ಒಬ್ಬರು ಹಬ್ಬಕ್ಕೆ ಬಟ್ಟೆ ಕೊಡಿಸುತ್ತಿದ್ದರು. ಇಷ್ಟರ ಮೇಲೆ ನಾವು ಜ್ಞಾನಸ್ನಾನ ಪಡೆದವರೆಂದು ನಿಸ್ಸಂಶಯವಾಗಿ ನಂಬಿದ್ದೇವೆ. ಅದೇ ಆಧಾರದ ಮೇಲೆ ಮದುವೆಯಾಗಿದ್ದೇವೆ. ನಮ್ಮಂಥವರು ಗುರುದೀಕ್ಷೆಯನ್ನೂ ಪಡೆದಿದ್ದೇವೆ. ಇದನ್ನು ಕುರುಡುನಂಬಿಕೆಯೆಂದು ಯಾರೂ ಹೀಗಳೆಯುವುದಿಲ್ಲ. ಪ್ರಯೋಗಶಾಲೆಯಲ್ಲಿ ಸಿದ್ಧವಾದ ಪುರಾವೆಯೆಂದೂ ಯಾರೂ ಹೇಳುವುದಿಲ್ಲ. ನಂಬಲರ್ಹರಾದವರ ಮಾತು ಎಂಬ ಮೂರನೆಯದೊಂದು ಉಂಟು. ನಮ್ಮ ಬಾಳಿನ ಬಹುಪಾಲು ಅದರ ಮೇಲೆಯೇ ನಡೆಯುತ್ತಿದೆ.

ಈ ಸಂಗತಿಯನ್ನು ಸಂತ ಅಗಸ್ಟೀನರು ಬಹು ಕಷ್ಟಪಟ್ಟು ಕಂಡುಕೊಂಡರು. ಯೌವನದಲ್ಲಿ ಅವರು ಸುಮಾರು ಒಂಬತ್ತು ವರ್ಷ ಮಾನಿಕೀಯರ ಪಂಥದಲ್ಲಿದ್ದರು. ಧರ್ಮಸಭೆ ‘ಮೊದಲು ನಂಬು’ ಎನ್ನುತ್ತದೆ, ನಾವಾದರೋ ಬರಿಯ ಬುದ್ಧಿಯಿಂದಲೇ ಸತ್ಯವನ್ನು ತೋರಿಸಿಕೊಡುತ್ತೇವೆ ಎಂಬುದು ಆ ಪಂಥದವರ ಹೆಮ್ಮೆಯಾಗಿತ್ತು. ಚುರುಕು ಬುದ್ಧಿಯ ಯುವಕನಿಗೆ ಇದಕ್ಕಿಂತ ಸಿಹಿಯಾದ ಮಾತು ಬೇರೆ ಯಾವುದು? ಆದರೆ ಪ್ರಶ್ನೆಗಳು ಬೆಳೆದಂತೆ ಉತ್ತರಗಳು ಬರಲಿಲ್ಲ. ‘ನಮ್ಮ ಫಾಸ್ಟುಸ್ ಬರಲಿ, ಅವರು ಎಲ್ಲವನ್ನೂ ಬಿಡಿಸಿ ಹೇಳುತ್ತಾರೆ’ ಎಂದರು. ಫಾಸ್ಟುಸ್ ಬಂದರು; ಸೊಗಸಾಗಿ ಮಾತನಾಡಿದರು; ಗ್ರಹನಕ್ಷತ್ರಗಳ ಬಗೆಗೆ ಅಗಸ್ಟೀನರು ಕೇಳಿದುದಕ್ಕೆ ಮಾತ್ರ ಅವರಲ್ಲಿ ಉತ್ತರವಿರಲಿಲ್ಲ. ಅನಂತರ ಅಗಸ್ಟೀನರು ತಮ್ಮೊಳಗೇ ಲೆಕ್ಕ ಹಾಕಿ ನೋಡಿದರು. ಕಾಣದ ಊರುಗಳು, ಹುಟ್ಟುವ ಮೊದಲು ನಡೆದ ಘಟನೆಗಳು, ಗೆಳೆಯರ ಮನಸ್ಸು, ಕೊನೆಗೆ ತಾನು ಯಾವ ತಂದೆತಾಯಿಗೆ ಹುಟ್ಟಿದವನೆಂಬುದು, ಇವೆಲ್ಲವನ್ನೂ ಇನ್ನೊಬ್ಬರ ಮಾತಿನಿಂದಲೇ ಅಲ್ಲವೇ ತಿಳಿದುಕೊಂಡದ್ದು ಎಂದು ಅವರಿಗೆ ಹೊಳೆಯಿತು. 387ರ ಪಾಸ್ಕ ಹಬ್ಬದಲ್ಲಿ ಅವರು ಮಿಲಾನಿನಲ್ಲಿ ಜ್ಞಾನಸ್ನಾನ ಪಡೆದರು. 391ರಲ್ಲಿ ಗುರುದೀಕ್ಷೆಯಾದ ಸ್ವಲ್ಪಕಾಲದಲ್ಲೇ, ಇನ್ನೂ ಆ ಪಂಥದಲ್ಲೇ ಉಳಿದಿದ್ದ ಹೊನೊರಾತುಸ್ ಎಂಬ ಗೆಳೆಯನಿಗಾಗಿ ನಂಬಿಕೆಯ ಪ್ರಯೋಜನದ ಬಗೆಗೆ ಒಂದು ಪುಸ್ತಕವನ್ನೇ ಬರೆದರು. ನಂಬುವುದು ಬೇರೆ, ಯಾರು ಏನು ಹೇಳಿದರೂ ತಲೆಯಾಡಿಸುವುದು ಬೇರೆ ಎಂಬ ಭೇದವನ್ನೂ ಅದರಲ್ಲಿ ಅವರು ಮರೆಯಲಿಲ್ಲ.

ಈ ಭೇದ ಮುಖ್ಯವಾದುದು. ಏಕೆಂದರೆ ನಮ್ಮ ಎದುರುಪಕ್ಷದವರಲ್ಲಿ ಪ್ರಾಮಾಣಿಕರೂ ಇದ್ದಾರೆ. ಅವರ ಮಾತನ್ನು ಅಲ್ಲಗಳೆಯಲಾಗದು. ಇಂಗ್ಲೆಂಡಿನ ಗಣಿತಜ್ಞ ವಿಲಿಯಂ ಕ್ಲಿಫರ್ಡ್ 1877ರಲ್ಲಿ ನಂಬಿಕೆಯ ನೀತಿಯನ್ನು ಕುರಿತ ಲೇಖನದಲ್ಲಿ ಒಬ್ಬ ಹಡಗಿನ ಒಡೆಯನ ಕಥೆಯನ್ನು ಹೇಳಿದ. ಹಡಗು ಹಳೆಯದು, ದುರಸ್ತಿ ಬೇಕೆಂದು ಒಡೆಯನಿಗೆ ಗೊತ್ತು. ದುರಸ್ತಿಗೆ ಹಣ ಬೇಕು. ಇಷ್ಟು ಸಲ ಸುರಕ್ಷಿತವಾಗಿ ಹೋಗಿ ಬಂದಿದೆ, ದೇವರು ಕಾಪಾಡುತ್ತಾರೆ ಎಂದು ಮನಸ್ಸನ್ನು ಸಮಾಧಾನಪಡಿಸಿಕೊಂಡು, ವಲಸೆ ಹೊರಟ ಬಡಜನರನ್ನು ಅದರಲ್ಲಿ ಕಳುಹಿಸಿಬಿಟ್ಟ. ಹಡಗು ನಡುಗಡಲಿನಲ್ಲಿ ಮುಳುಗಿತು. ಒಡೆಯ ವಿಮೆಯ ಹಣ ಪಡೆದು ಸುಮ್ಮನಾದ. ಹಡಗು ಸುರಕ್ಷಿತವಾಗಿ ದಡ ಸೇರಿದ್ದರೂ ಅವನು ಅಪರಾಧಿಯೇ ಎನ್ನುತ್ತಾನೆ ಕ್ಲಿಫರ್ಡ್. ಆಧಾರವಿಲ್ಲದೆ ನಂಬುವ ಹಕ್ಕು ಅವನಿಗಿರಲಿಲ್ಲ. ಈ ಕಥೆಯನ್ನು ಓದಿದಾಗ ನಮಗೆ ಮುಜುಗರವಾದುದುಂಟು. ಚಿಕಿತ್ಸೆ ಕೊಡಿಸಬೇಕಾದ ಮಗುವಿಗೆ ಎಣ್ಣೆ ಹಚ್ಚಿ ‘ದೇವರ ಚಿತ್ತ’ ಎಂದು ಕುಳಿತವರನ್ನು ನಾವೂ ಕಂಡಿದ್ದೇವೆ. ಅದು ವಿಶ್ವಾಸವಲ್ಲ, ಸೋಮಾರಿತನಕ್ಕೆ ತೊಡಿಸಿದ ಪೂಜಾವಸ್ತ್ರ.

ಹಾಗಾದರೆ ಧರ್ಮಸಭೆಯ ನಿಲುವೇನು? ‘ಪ್ರಶ್ನಿಸಬೇಡ, ನಂಬು’ ಎಂಬುದೇ ಕಥೋಲಿಕರ ಬೋಧನೆಯೆಂದು ಹೊರಗಿನವರು ತಿಳಿದಿದ್ದಾರೆ. ನಮ್ಮವರಲ್ಲೂ ಎಷ್ಟೋ ಮಂದಿ ಹಾಗೆಯೇ ತಿಳಿದಿದ್ದಾರೆ. ವಾಸ್ತವ ಬೇರೆ. ಹತ್ತೊಂಬತ್ತನೆಯ ಶತಮಾನದಲ್ಲಿ ಫ್ರಾನ್ಸಿನ ಸ್ಟ್ರಾಸ್‌ಬರ್ಗಿನಲ್ಲಿ ಲೂಯಿ ಬೊತೆನ್ ಎಂಬ ವಿದ್ವಾಂಸ ಗುರುಗಳಿದ್ದರು. ಮಾನವಬುದ್ಧಿಯಿಂದ ದೇವರ ಇರವನ್ನು ತಿಳಿಯಲಾಗದು, ವಿಶ್ವಾಸವೊಂದೇ ಗತಿ ಎಂದು ಅವರು ಬೋಧಿಸುತ್ತಿದ್ದರು. ಕೇಳಲು ಬಹು ಭಕ್ತಿಪೂರ್ಣವಾದ ಬೋಧನೆ! ಆದರೂ ಧರ್ಮಸಭೆ ಅದನ್ನು ಒಪ್ಪಲಿಲ್ಲ. 1840ರಲ್ಲಿ, ಬುದ್ಧಿಗೆ ಆ ಶಕ್ತಿಯುಂಟೆಂದು ಒಪ್ಪುವ ಹೇಳಿಕೆಗೆ ಅವರು ಸಹಿ ಹಾಕಬೇಕಾಯಿತು. ಮೂವತ್ತು ವರ್ಷಗಳ ಬಳಿಕ, 1870ರ ಏಪ್ರಿಲ್ 24ರಂದು ಪ್ರಥಮ ವ್ಯಾಟಿಕನ್ ಮಹಾಸಭೆ ಇದನ್ನೇ ಸಿದ್ಧಾಂತವಾಗಿ ಸಾರಿತು. ಸೃಷ್ಟಿಯಿಂದ ಸೃಷ್ಟಿಕರ್ತರನ್ನು ಬುದ್ಧಿಯ ಸಹಜ ಬೆಳಕಿನಲ್ಲಿ ನಿಶ್ಚಯವಾಗಿ ಅರಿಯಬಹುದು. ದೇವರು ತಮ್ಮ ಪ್ರಕಟನೆಗೆ ಹೊರಗಿನ ಗುರುತುಗಳನ್ನೂ ಕೊಟ್ಟಿದ್ದಾರೆ. ಆದರೆ ನಾವು ವಿಶ್ವಾಸವಿಡುವುದು ಆ ಸತ್ಯಗಳನ್ನು ನಮ್ಮ ಬುದ್ಧಿ ಭೇದಿಸಿ ಕಂಡಿತೆಂಬ ಕಾರಣಕ್ಕಲ್ಲ, ಅವನ್ನು ಹೇಳಿದ ದೇವರು ಮೋಸಮಾಡುವವರಲ್ಲ ಎಂಬ ಕಾರಣಕ್ಕೆ. ಮಹಾಸಭೆಯ ಬೋಧನೆಯ ತಿರುಳು ಇದು. ಪುರಾವೆಯನ್ನು ಕೇಳುವವನಿಗೆ ಬಾಗಿಲು ಮುಚ್ಚಲಿಲ್ಲ. ಪುರಾವೆಯ ಮೇಲೆ ವಿಶ್ವಾಸವನ್ನು ಕಟ್ಟಿ ನಿಲ್ಲಿಸಲೂ ಇಲ್ಲ.

ಆ ಐದು ದಾರಿಗಳ ವಿಚಾರದಲ್ಲಿಯೂ ನಾವು ಹುಡುಗನಿಗೆ ಹೇಳದೆ ಬಿಟ್ಟ ಮಾತೊಂದುಂಟು. ಅಕ್ವಿನಾಸರ ಮಹಾಗ್ರಂಥದಲ್ಲಿ ಅವು ಒಂದೆರಡು ಪುಟಗಳಿಗೆ ಮೀರುವುದಿಲ್ಲ. ವಸ್ತುಗಳ ಚಲನೆ, ಕಾರ್ಯಕಾರಣಗಳ ಸರಪಣಿ, ಇದ್ದು ಇಲ್ಲವಾಗುವ ವಸ್ತುಗಳು, ಗುಣಗಳ ತಾರತಮ್ಯ, ಬುದ್ಧಿಯಿಲ್ಲದ ವಸ್ತುಗಳೂ ಗುರಿಯತ್ತ ಸಾಗುವ ವ್ಯವಸ್ಥೆ, ಹೀಗೆ ಐದು. ಆದರೆ ಅವುಗಳಿಗೂ ಮೊದಲು ಅವರು ಎರಡು ಆಕ್ಷೇಪಗಳನ್ನು ಬರೆದಿಟ್ಟಿದ್ದಾರೆ. ಅನಂತ ಒಳಿತಾದ ದೇವರಿದ್ದರೆ ಲೋಕದಲ್ಲಿ ಕೇಡು ಏಕೆ ಎಂಬುದು ಮೊದಲನೆಯದು. ಪ್ರಕೃತಿಯಿಂದಲೂ ಮನುಷ್ಯನ ಬುದ್ಧಿ ಸಂಕಲ್ಪಗಳಿಂದಲೂ ಎಲ್ಲವನ್ನೂ ವಿವರಿಸಬಹುದಾದಾಗ ದೇವರ ಅಗತ್ಯವೇನು ಎಂಬುದು ಎರಡನೆಯದು. ಇಂದಿನ ನಾಸ್ತಿಕರಲ್ಲೂ ಇವೆರಡಕ್ಕಿಂತ ಬಲವಾದ ಆಕ್ಷೇಪವನ್ನು ನಾವು ಕಂಡಿಲ್ಲ. ಹುಡುಗನು ಕೇಳಿದ್ದು ಮೊದಲನೆಯ ಆಕ್ಷೇಪವನ್ನು. ನಾವು ಉತ್ತರ ಕೊಟ್ಟಿದ್ದು ಎರಡನೆಯದಕ್ಕೆ. ಸಂತರ ಪುಟದಲ್ಲಿ ಅವನ ಅಳಲಿಗೆ ಮೊದಲ ಸ್ಥಾನವಿತ್ತು. ನಮ್ಮ ಕಾಗದದಲ್ಲಿ ಅದಕ್ಕೆ ಜಾಗವೇ ಇರಲಿಲ್ಲ.

ಅದೇ ಸಂತರು ಇನ್ನೊಂದು ಮಾತನ್ನೂ ಹೇಳಿದ್ದಾರೆ. ದೇವರ ಇರವು ಬುದ್ಧಿಯಿಂದ ಅರಿಯಬಹುದಾದುದು, ವಿಶ್ವಾಸದ ಸತ್ಯಗಳಿಗೆ ಹೊಸ್ತಿಲಿನಂತಿರುವುದು; ಆದರೆ ತರ್ಕವನ್ನು ಹಿಡಿಯಲಾರದವನು ಅದನ್ನೇ ವಿಶ್ವಾಸದಿಂದ ಒಪ್ಪಿಕೊಳ್ಳಲು ಅಡ್ಡಿಯಿಲ್ಲ ಎಂದು. ಇದು ನಮ್ಮ ಅಜ್ಜಿಯರಿಗೆ ಕೊಟ್ಟ ಮನ್ನಣೆ. ಅಕ್ಷರ ಬಾರದೆ ಜಪಸರದ ಮಣಿಗಳನ್ನು ಎಣಿಸಿ ಈ ಊರಿನಲ್ಲಿ ವಿಶ್ವಾಸವನ್ನು ಕಾಪಾಡಿದವರು ತರ್ಕಶಾಸ್ತ್ರದ ಪರೀಕ್ಷೆಗೆ ಕುಳಿತವರಲ್ಲ.

ಈ ಚರ್ಚೆ ನಮ್ಮ ನಾಡಿಗೂ ಹೊಸತಲ್ಲ. ನ್ಯಾಯದರ್ಶನದ ಉದಯನಾಚಾರ್ಯರು ‘ನ್ಯಾಯಕುಸುಮಾಂಜಲಿ’ಯಲ್ಲಿ, ಮಡಕೆಗೆ ಕುಂಬಾರನಿರುವಂತೆ ಜಗತ್ತಿಗೂ ಕರ್ತನಿರಬೇಕೆಂದು ಅನುಮಾನ ಪ್ರಮಾಣದಿಂದ ಸಾಧಿಸಿದರು. ಮೇಲುಕೋಟೆಯಲ್ಲಿ ಕೆಲವು ಕಾಲ ನೆಲೆಸಿದ್ದ ರಾಮಾನುಜಾಚಾರ್ಯರು ಇದನ್ನು ಒಪ್ಪಲಿಲ್ಲ. ಅರಮನೆ ಗೋಪುರಗಳನ್ನು ಅನೇಕರು ಸೇರಿ ಕಟ್ಟುತ್ತಾರೆ, ಕಟ್ಟುವವರಿಗೆಲ್ಲ ಶರೀರವಿರುತ್ತದೆ. ಹೀಗಿರುವಾಗ ಬರಿಯ ಅನುಮಾನದಿಂದ ಒಬ್ಬನೇ ಈಶ್ವರನು ಹೇಗೆ ಸಿದ್ಧಿಸುತ್ತಾನೆ? ಶಾಸ್ತ್ರವೊಂದೇ ಪ್ರಮಾಣ ಎಂಬುದು ಅವರ ನಿಲುವು. ಉಡುಪಿಯ ಮಧ್ವಾಚಾರ್ಯರೂ ಈ ವಿಷಯದಲ್ಲಿ ಶಾಸ್ತ್ರದ ಕಡೆಯೇ ನಿಂತರು. ಪಶ್ಚಿಮದಲ್ಲಿ ಇದೇ ಬಗೆಯ ಆಕ್ಷೇಪವನ್ನು ಡೇವಿಡ್ ಹ್ಯೂಮನ ಗ್ರಂಥದಲ್ಲಿ 1779ರಲ್ಲಿ ಓದಿದವರಿಗೆ ಅದು ಹೊಸ ಬಾಂಬಿನಂತೆ ಕಂಡಿತು. ನಮ್ಮ ಹುಡುಗರು ಹ್ಯೂಮನನ್ನು ಓದಿ ಬೆರಗಾಗುತ್ತಾರೆ. ಮೇಲುಕೋಟೆಯ ಆಚಾರ್ಯರನ್ನು ಓದಿರುವುದಿಲ್ಲ.

ಪುರಾವೆಯ ಆಸೆ ವಿಶ್ವಾಸಿಗಳನ್ನು ಎಲ್ಲಿಗೆ ಎಳೆದೊಯ್ಯಬಲ್ಲುದು ಎಂಬುದಕ್ಕೆ ನಮ್ಮ ಧರ್ಮಸಭೆಯ ಇತ್ತೀಚಿನ ಚರಿತ್ರೆಯಿಂದಲೇ ಒಂದು ಪ್ರಸಂಗವನ್ನು ಹೇಳುತ್ತೇವೆ. ಇದನ್ನು ತುಸು ವಿಸ್ತಾರವಾಗಿ ಹೇಳಲು ಅಪ್ಪಣೆಯಿರಲಿ. ಬೆಲ್ಜಿಯಂ ದೇಶದ ಶಾರ್ಲೆರ್ವಾ ಪಟ್ಟಣದಲ್ಲಿ 1894ರಲ್ಲಿ ಜಾರ್ಜ್ ಲೆಮೇತ್ರ್ ಎಂಬುವರು ಹುಟ್ಟಿದರು. ಎಂಜಿನಿಯರಿಂಗ್ ಓದುತ್ತಿದ್ದಾಗ, 1914ರಲ್ಲಿ ಮಹಾಯುದ್ಧ ಬಂದಿತು. ಸೈನ್ಯಕ್ಕೆ ಸೇರಿ ಫಿರಂಗಿ ದಳದಲ್ಲಿ ಹೋರಾಡಿದರು. ಯುದ್ಧದಿಂದ ಮರಳಿ ಗಣಿತವನ್ನೂ ದೈವಶಾಸ್ತ್ರವನ್ನೂ ಓದಿ 1923ರಲ್ಲಿ ಗುರುದೀಕ್ಷೆ ಪಡೆದರು. 1927ರಲ್ಲಿ, ಹೆಚ್ಚು ಜನ ಓದದ ಒಂದು ಬೆಲ್ಜಿಯನ್ ಪತ್ರಿಕೆಯಲ್ಲಿ ಫ್ರೆಂಚ್ ಭಾಷೆಯ ಲೇಖನವೊಂದನ್ನು ಪ್ರಕಟಿಸಿ, ವಿಶ್ವವು ಹಿಗ್ಗುತ್ತಿದೆಯೆಂದು ತೋರಿಸಿದರು. 1931ರಲ್ಲಿ ಇನ್ನೂ ಮುಂದೆ ಹೋಗಿ, ಈ ಸಮಸ್ತ ವಿಶ್ವವೂ ಒಂದು ಆದಿ ಪರಮಾಣುವಿನಿಂದ ಹೊರಟಿತೆಂಬ ಊಹೆಯನ್ನು ಮಂಡಿಸಿದರು. ಇಂದು ಶಾಲೆಯ ಮಕ್ಕಳೂ ಬಲ್ಲ ಮಹಾಸ್ಫೋಟ ಸಿದ್ಧಾಂತದ ಬೀಜ ಇದೇ. ಅದನ್ನು ಬಿತ್ತಿದವರು ಪ್ರತಿದಿನ ಬಲಿಪೂಜೆ ಅರ್ಪಿಸುತ್ತಿದ್ದ ಒಬ್ಬ ಗುರು ಎಂಬುದು ನಮ್ಮ ಯುವಕರಲ್ಲಿ ಬಹುಮಂದಿಗೆ ತಿಳಿಯದು.

ವಿಶ್ವಕ್ಕೆ ಆದಿಯುಂಟೆಂದು ವಿಜ್ಞಾನವೇ ಹೇಳುತ್ತಿದೆಯೆಂದಾಗ ವಿಶ್ವಾಸಿಗಳಿಗೆ ಹಿಗ್ಗಾದುದರಲ್ಲಿ ಆಶ್ಚರ್ಯವಿಲ್ಲ. 1951ರ ನವೆಂಬರ್ 22ರಂದು ಜಗದ್ಗುರು ಹನ್ನೆರಡನೆಯ ಪಿಯುಸ್‌ರವರು ವಿಜ್ಞಾನ ಪರಿಷತ್ತಿನ ಸದಸ್ಯರ ಮುಂದೆ ಮಾತನಾಡುತ್ತಾ, ಆಧುನಿಕ ವಿಜ್ಞಾನವು ಸೃಷ್ಟಿಯ ಆದಿಗಳಿಗೆಗೇ ಸಾಕ್ಷಿ ನುಡಿಯುತ್ತಿದೆಯೆಂಬ ಅರ್ಥದಲ್ಲಿ ಉತ್ಸಾಹದಿಂದ ಮಾತನಾಡಿದರು. ಎಲ್ಲರಿಗಿಂತ ಹೆಚ್ಚು ಸಂತೋಷಪಡಬೇಕಾಗಿದ್ದವರು ಲೆಮೇತ್ರರು. ಅವರಿಗೆ ಸಂತೋಷವಾಗಲಿಲ್ಲ, ಕಳವಳವಾಯಿತು. ತಮ್ಮದು ಭೌತವಿಜ್ಞಾನದ ಒಂದು ಊಹೆ. ಅದಕ್ಕೂ ಧರ್ಮಕ್ಕೂ ಗಂಟು ಹಾಕಬಾರದು. ಅದನ್ನು ಒಪ್ಪಿಯೂ ಒಬ್ಬನು ನಾಸ್ತಿಕನಾಗಿಯೇ ಉಳಿಯಬಹುದು ಎಂಬುದು ಅವರ ದೃಢ ನಿಲುವಾಗಿತ್ತು. ಮುಂದಿನ ವರ್ಷ ಸೆಪ್ಟೆಂಬರಿನಲ್ಲಿ ಖಗೋಳವಿಜ್ಞಾನಿಗಳ ಅಂತರರಾಷ್ಟ್ರೀಯ ಸಮ್ಮೇಳನ ರೋಮಿನಲ್ಲಿ ನಡೆಯಲಿತ್ತು. ಅದಕ್ಕೆ ಮೊದಲೇ ಅವರು ರೋಮಿಗೆ ಹೋಗಿ ತಮ್ಮ ಆತಂಕವನ್ನು ತಿಳಿಸಬೇಕಾದವರಿಗೆ ತಿಳಿಸಿದರು. ಸಮ್ಮೇಳನದಲ್ಲಿ ಜಗದ್ಗುರುಗಳು ಮಾತನಾಡಿದಾಗ ಆ ವಾದವನ್ನು ಮತ್ತೆ ಎತ್ತಲಿಲ್ಲ. ಒಬ್ಬ ಸಾಮಾನ್ಯ ಗುರು ವಿನಯದಿಂದ ಹೇಳಿದ ಮಾತಿಗೆ ಜಗದ್ಗುರುಗಳು ಕಿವಿಗೊಟ್ಟರು. ಇದು ಇಬ್ಬರಿಗೂ ಶೋಭೆ.

ಲೆಮೇತ್ರರ ಕಳವಳ ವೃಥಾ ಆಗಿರಲಿಲ್ಲ. ವಿಶ್ವಕ್ಕೆ ಆದಿಯೇ ಇಲ್ಲವೆನ್ನುವ ಪ್ರತಿಸಿದ್ಧಾಂತವೊಂದನ್ನು ಕೇಂಬ್ರಿಜಿನ ವಿಜ್ಞಾನಿಗಳು 1948ರಲ್ಲಿಯೇ ಮಂಡಿಸಿದ್ದರು. ಹತ್ತು ಹದಿನೈದು ವರ್ಷ ಅದಕ್ಕೂ ಬಲವಾದ ಬೆಂಬಲವಿತ್ತು. ದೇವರ ಇರವನ್ನು ಆದಿ ಪರಮಾಣುವಿಗೆ ಕಟ್ಟಿದ್ದರೆ, ದೂರದರ್ಶಕದಿಂದ ಹೊಸ ವರದಿ ಬಂದಾಗಲೆಲ್ಲ ನಮ್ಮ ವಿಶ್ವಾಸ ಪೇಟೆಯ ಧಾರಣೆಯಂತೆ ಏರಿಳಿಯಬೇಕಾಗಿತ್ತು. ಅನಂತರ ವಿಜ್ಞಾನ ಲೆಮೇತ್ರರ ಕಡೆಗೇ ವಾಲಿತು. ಆದಿಯ ಆ ಬಿಸಿಯ ಉಳಿಕೆಯಾದ ಕ್ಷೀಣ ವಿಕಿರಣ ಪತ್ತೆಯಾದ ಸುದ್ದಿ 1966ರ ಜೂನಿನಲ್ಲಿ ಅವರು ತೀರಿಕೊಳ್ಳುವುದಕ್ಕೆ ಸ್ವಲ್ಪ ಮೊದಲು ಅವರ ಕಿವಿಗೆ ಬಿದ್ದಿತು. 2018ರಲ್ಲಿ ಅಂತರರಾಷ್ಟ್ರೀಯ ಖಗೋಳ ಸಂಘವು ವಿಶ್ವದ ಹಿಗ್ಗುವಿಕೆಯ ನಿಯಮಕ್ಕೆ ಹಬಲ್ ಅವರ ಹೆಸರಿನೊಂದಿಗೆ ಲೆಮೇತ್ರರ ಹೆಸರನ್ನೂ ಸೇರಿಸಬೇಕೆಂದು ಶಿಫಾರಸು ಮಾಡಿತು. ಆದರೂ ಅದನ್ನು ಹಿಡಿದು ‘ನೋಡಿ, ದೇವರು ರುಜುವಾತಾದರು’ ಎನ್ನುವವರನ್ನು ಕಂಡರೆ ನಮಗೆ ಲೆಮೇತ್ರರ ಮುಖ ನೆನಪಾಗುತ್ತದೆ. ಅವರಿಗೂ ಏಳು ಶತಮಾನಗಳ ಹಿಂದೆ ಅಕ್ವಿನಾಸರು ಎಚ್ಚರಿಸಿದ್ದರು: ಜಗತ್ತಿಗೆ ಆದಿಯುಂಟೆಂಬುದನ್ನು ವಿಶ್ವಾಸದಿಂದ ಬಲ್ಲೆವು, ತರ್ಕದಿಂದ ಸಾಧಿಸಲಾರೆವು; ಸಾಲದ ತರ್ಕಗಳನ್ನು ಮುಂದಿಟ್ಟರೆ ಅವಿಶ್ವಾಸಿಗಳು ನಗಲು ನಾವೇ ಅವಕಾಶ ಕೊಟ್ಟಂತಾಗುತ್ತದೆ.

ಅದ್ಭುತಗಳ ವಿಚಾರವನ್ನು ಯಾರಾದರೂ ಎತ್ತಬಹುದು. ಒಂದೆರಡು ಮಾತಿನಲ್ಲಿ ಹೇಳುತ್ತೇವೆ. ಈ ಅಂಗಳದಲ್ಲೇ ಲೂರ್ದು ಮಾತೆಯ ಗವಿಯಿದೆ. ಪ್ರತಿ ಶನಿವಾರ ಅಲ್ಲಿ ಮೇಣದಬತ್ತಿಗಳು ಉರಿಯುತ್ತವೆ. ಫ್ರಾನ್ಸಿನ ಲೂರ್ದಿನಲ್ಲಿ 1883ರಿಂದ ವೈದ್ಯರ ಕಚೇರಿಯೊಂದು ನಡೆಯುತ್ತಿದೆ. ಗುಣವಾಯಿತೆಂದು ಬಂದವರ ಕಾಗದಪತ್ರಗಳನ್ನು ಯಾವ ಧರ್ಮದ ವೈದ್ಯರಾದರೂ, ಧರ್ಮವೇ ಬೇಡವೆಂಬ ವೈದ್ಯರಾದರೂ, ಅಲ್ಲಿ ಪರಿಶೀಲಿಸಬಹುದು. ಏಳು ಸಾವಿರಕ್ಕೂ ಮೀರಿ ವರದಿಗಳು ಬಂದಿವೆ. ಧರ್ಮಸಭೆ ಅದ್ಭುತವೆಂದು ಒಪ್ಪಿದ್ದು ಎಪ್ಪತ್ತರ ಆಸುಪಾಸು. ನಮ್ಮ ಭಕ್ತರಿಗಿಂತ ನಮ್ಮ ಧರ್ಮಸಭೆ ಎಷ್ಟೋ ಪಾಲು ಹೆಚ್ಚು ಸಂಶಯವುಳ್ಳದ್ದು! ಹೀಗೆ ಒಪ್ಪಿದುದನ್ನು ಕೂಡ ನಂಬಲೇಬೇಕೆಂದು ಯಾವ ಕಥೋಲಿಕನನ್ನೂ ಅದು ಕಡ್ಡಾಯಪಡಿಸಿಲ್ಲ.

ಕೆಲವರು ಹೇಳುತ್ತಾರೆ, ನಮಗೆ ತರ್ಕವೂ ಬೇಡ, ಅದ್ಭುತವೂ ಬೇಡ, ಪ್ರಾರ್ಥನೆಯಲ್ಲಿ ನಮಗಾಗುವ ಅನುಭವವೇ ಪುರಾವೆ ಎಂದು. ಅನುಭವವಾದವರು ಭಾಗ್ಯವಂತರು. ಆಗದವರು? ಬಾಲಯೇಸುವಿನ ಸಂತ ತೆರೇಸಮ್ಮನವರ ಪಟ ನಮ್ಮ ಎಷ್ಟು ಮನೆಗಳಲ್ಲಿಲ್ಲ! ಗುಲಾಬಿ ಹೂಗಳನ್ನು ಅಪ್ಪಿಕೊಂಡ ಆ ನಗುಮುಖವನ್ನು ನೋಡಿದವರಿಗೆ, ಅವರ ಕೊನೆಯ ಒಂದೂವರೆ ವರ್ಷ ಎಂಥದೆಂದು ಊಹಿಸಲೂ ಆಗದು. 1896ರ ಪಾಸ್ಕ ಹಬ್ಬದ ದಿನಗಳಿಂದ 1897ರ ಸೆಪ್ಟೆಂಬರ್ 30ರಂದು ತೀರಿಕೊಳ್ಳುವವರೆಗೆ, ಸ್ವರ್ಗವೆಂಬುದು ಇದೆಯೇ ಎಂಬ ಶಂಕೆಯ ಕತ್ತಲು ಅವರನ್ನು ಮುತ್ತಿತ್ತು. ಆ ಕತ್ತಲಿನಲ್ಲಿ ಅವರು ವಿಶ್ವಾಸಸಂಗ್ರಹವನ್ನು ತಮ್ಮ ರಕ್ತದಿಂದಲೇ ಬರೆದು ಶುಭಸಂದೇಶದ ಪುಸ್ತಕದೊಂದಿಗೆ ಎದೆಯ ಬಳಿ ಇಟ್ಟುಕೊಂಡಿದ್ದರು.

ಕಲ್ಕತ್ತೆಯ ಸಂತ ಮದರ್ ತೆರೇಸಾರ ಕತ್ತಲು ಇನ್ನೂ ದೀರ್ಘವಾದುದು. 1950ರಲ್ಲಿ ಅವರ ಸಂಸ್ಥೆ ಸ್ಥಾಪನೆಯಾದ ಆಸುಪಾಸಿನಿಂದಲೇ ಅದು ಆರಂಭವಾಗಿ, ಹೆಚ್ಚುಕಡಿಮೆ ಬಾಳಿನ ಕೊನೆಯವರೆಗೂ ಬಿಡಲಿಲ್ಲ. ಪ್ರಾರ್ಥನೆಯಲ್ಲಿ ಬರಿಯ ಶೂನ್ಯ, ದೇವರು ತನ್ನನ್ನು ಬೇಡವೆಂದರೋ ಎಂಬ ನೋವು. ಇವನ್ನೆಲ್ಲ ಅವರು ತಮ್ಮ ಆತ್ಮಮಾರ್ಗದರ್ಶಿಗಳಿಗೆ ಬರೆಯುತ್ತಿದ್ದರು, ಆ ಪತ್ರಗಳನ್ನು ಸುಟ್ಟುಹಾಕಿರೆಂದೂ ಕೇಳಿಕೊಂಡಿದ್ದರು. ಸುಡಲಿಲ್ಲ. 2007ರಲ್ಲಿ ಅವು ಪುಸ್ತಕವಾಗಿ ಹೊರಬಂದಾಗ ಲೋಕ ಬೆಚ್ಚಿತು. ‘ಸಂತರಿಗೇ ವಿಶ್ವಾಸವಿರಲಿಲ್ಲ’ ಎಂದು ಕೆಲವರು ಹಂಗಿಸಿದರು. ಧರ್ಮಸಭೆ ಆ ಪತ್ರಗಳನ್ನು ಅಡಗಿಸಿಡಲಿಲ್ಲ. ಎಲ್ಲವನ್ನೂ ಬಲ್ಲದ್ದಾಗಿಯೇ 2016ರ ಸೆಪ್ಟೆಂಬರ್ 4ರಂದು ಅವರನ್ನು ಸಂತರೆಂದು ಸಾರಿತು. ಅನುಭವವೇ ಪುರಾವೆಯಾಗಿದ್ದರೆ ಆ ತಾಯಿಯ ಬಳಿ ಪುರಾವೆಯೇನೂ ಇರಲಿಲ್ಲ. ಇದ್ದುದು ಒಮ್ಮೆ ಕೇಳಿದ ಕರೆ, ತಾನು ಕೊಟ್ಟ ಮಾತು, ಬಾಗಿಲಲ್ಲಿ ಬಿದ್ದಿರುವ ರೋಗಿ. ಅವರು ಪ್ರತಿದಿನ ಬೆಳಗ್ಗೆ ಎದ್ದು ಆ ಮಾತನ್ನು ನಡೆಸಿದರು.

ನಮ್ಮ ಎಣಿಕೆಯಲ್ಲಿ ವಿಶ್ವಾಸದ ಆಧಾರಗಳನ್ನು ಕುರಿತು ಚೆನ್ನಾಗಿ ಹೇಳಿದವರು ಕಾರ್ಡಿನಲ್ ನ್ಯೂಮನ್ನರು. 2019ರಲ್ಲಿ ಅವರೂ ಸಂತರ ಸಾಲಿಗೆ ಸೇರಿದರು. ಹಗ್ಗವನ್ನು ನೋಡಿರಿ ಎನ್ನುತ್ತಾರೆ ಅವರು ಒಂದು ಪತ್ರದಲ್ಲಿ. ಬಿಡಿ ಎಳೆ ಯಾವುದೂ ಭಾರ ಹೊರಲಾರದು. ಹುರಿಗೊಂಡಾಗ ಕಬ್ಬಿಣದ ಸರಳಿನಷ್ಟೇ ಗಟ್ಟಿ. ಸೃಷ್ಟಿಯ ವ್ಯವಸ್ಥೆ, ಅಂತಸ್ಸಾಕ್ಷಿಯ ದನಿ, ಶುಭಸಂದೇಶದ ಯೇಸುಸ್ವಾಮಿಯ ವ್ಯಕ್ತಿತ್ವ, ಪ್ರಾಣಕೊಟ್ಟ ಸಾಕ್ಷಿಗಳು, ನಮ್ಮನ್ನು ಸಾಕಿದ ಅಜ್ಜಿ, ನಮಗಾಗಿ ರಾತ್ರಿಯೆದ್ದು ಬಂದ ಒಬ್ಬ ಗುರು. ನ್ಯಾಯಾಲಯದಲ್ಲಿ ಇವುಗಳಲ್ಲಿ ಒಂದೊಂದನ್ನೂ ಬೇರೆ ಮಾಡಿ ವಕೀಲರು ಹರಿದುಹಾಕಬಹುದು. ಹುರಿಗೊಳ್ಳುವುದಾದರೋ ಪ್ರತಿಯೊಬ್ಬರ ಬಾಳಿನಲ್ಲಿ, ದೇವರ ಕೃಪೆಯಿಂದ. ನಮಗಾಗಿ ಇನ್ನೊಬ್ಬರು ಅದನ್ನು ಹೊಸೆದುಕೊಡಲಾರರು. ಆದರೆ ನಮ್ಮ ನಡತೆಯಿಂದ ಇನ್ನೊಬ್ಬರ ಹಗ್ಗದ ಎಳೆಯನ್ನು ನಾವು ಕಿತ್ತುಹಾಕಬಲ್ಲೆವು. ಆ ಶಕ್ತಿ ನಮಗೆ ಧಾರಾಳವಾಗಿದೆ.

ಕೊನೆಗೆ ಪ್ರೇಷಿತ ತೋಮಸರನ್ನು ನೆನೆಯದೆ ಈ ವಿಷಯ ಮುಗಿಯದು. ಅದರಲ್ಲೂ ಭಾರತೀಯರಾದ ನಾವು. ಸಂಪ್ರದಾಯದ ಪ್ರಕಾರ 52ರಲ್ಲಿ ಕೇರಳದ ತೀರಕ್ಕೆ ಬಂದು, ಮೈಲಾಪುರದಲ್ಲಿ ರಕ್ತಸಾಕ್ಷಿಯಾದವರು ಅವರು. ‘ಸಂಶಯದ ತೋಮಸ’ ಎಂದು ಅವರನ್ನು ಕರೆದು ನಾವು ಅನ್ಯಾಯ ಮಾಡಿದ್ದೇವೆ. ಅವರು ಕೇಳಿದ್ದು ಉಳಿದ ಪ್ರೇಷಿತರಿಗೆ ಆಗಲೇ ದೊರೆತಿದ್ದನ್ನು ಮಾತ್ರ. ಸಂತ ಯೊವಾನ್ನರ ಶುಭಸಂದೇಶವನ್ನು ಓದುವಾಗ ನಾವು ಗಡಿಬಿಡಿಯಿಂದ ದಾಟಿಬಿಡುವ ಸಂಗತಿಯೊಂದಿದೆ. ತೋಮಸರು ‘ನಂಬುವುದಿಲ್ಲ’ ಎಂದ ದಿನಕ್ಕೂ ಯೇಸುಸ್ವಾಮಿ ಮತ್ತೆ ಬಂದ ದಿನಕ್ಕೂ ನಡುವೆ ಎಂಟು ದಿನಗಳಿವೆ. ಎಂಟು ದಿನಗಳ ಮೇಲೂ ತೋಮಸರು ಆ ಮನೆಯಲ್ಲೇ ಇದ್ದರು. ಉಳಿದವರು ಅವರನ್ನು ಹೊರಗೆ ಹಾಕಿರಲಿಲ್ಲ, ಅವರೂ ಹೊರಟುಹೋಗಿರಲಿಲ್ಲ. ಕಂಡವರೂ ಕಾಣದವನೂ ಒಂದೇ ಸೂರಿನಡಿ ಉಂಡು ಮಲಗಿದ್ದರು. ಸ್ವಾಮಿ ಬಂದದ್ದು ಆ ಮನೆ ಹಾಗೆ ತೆರೆದಿದ್ದಾಗ. ಬಂದವರು ಪುರಾವೆ ಕೇಳಿದುದಕ್ಕಾಗಿ ಗದರಲೂ ಇಲ್ಲ. ಗಾಯಗಳನ್ನೇ ಮುಂದೆ ಮಾಡಿದರು. ತೋಮಸರು ಅವನ್ನು ಮುಟ್ಟಿ ನೋಡಿದರೆಂದು ಶುಭಸಂದೇಶ ಎಲ್ಲಿಯೂ ಹೇಳುವುದಿಲ್ಲ.

ಆ ಹುಡುಗನಿಗೆ ನಾವು ಎಂಟು ದಿನಗಳ ಅವಕಾಶವನ್ನೂ ಕೊಡಲಿಲ್ಲ. ಅರ್ಧ ಗಂಟೆಯಲ್ಲಿ ಪಾಠ ಮುಗಿಸಿ ಕಳುಹಿಸಿದೆವು. ಅವನ ಮನೆಗೆ ಹೋಗಿ, ಆ ಪಡಸಾಲೆಯಲ್ಲಿ ಸುಮ್ಮನೆ ಕುಳಿತಿರಬಹುದಾಗಿತ್ತು. ಅದು ನಮಗೆ ತೋಚಲಿಲ್ಲ. ತೋಚುವಷ್ಟರಲ್ಲಿ ನಮಗೆ ಬೇರೆ ಊರಿಗೆ ವರ್ಗವಾಗಿತ್ತು.

ಕೆಲವು ವರ್ಷಗಳ ಹಿಂದೆ ನವೆಂಬರ್ 2ರಂದು, ಮೃತರ ಸ್ಮರಣೆಯ ದಿನ, ಅದೇ ಹಳ್ಳಿಯ ಸ್ಮಶಾನದಲ್ಲಿ ಬಲಿಪೂಜೆಗೆ ನಮ್ಮನ್ನು ಕರೆದಿದ್ದರು. ಪೂಜೆ ಮುಗಿದು ಸಮಾಧಿಗಳ ಮೇಲೆ ತೀರ್ಥ ಚಿಮುಕಿಸುತ್ತಾ ಹೋಗುವಾಗ, ತಲೆ ನರೆತ ಒಬ್ಬರು ಒಂದು ಸಮಾಧಿಯ ಬಳಿ ಮೇಣದಬತ್ತಿ ಗಾಳಿಗೆ ಆರದಂತೆ ಅಂಗೈ ಅಡ್ಡ ಹಿಡಿದು ನಿಂತಿದ್ದರು. ಅವರೇ. ಪೂಜೆಗೆ ಬಂದಿರಲಿಲ್ಲ, ಗೇಟಿನ ಹೊರಗೆ ಕಾದಿದ್ದರೆಂದು ಆಮೇಲೆ ತಿಳಿಯಿತು. ಪ್ರತಿವರ್ಷವೂ ಹಾಗೆಯೇ ಬರುತ್ತಾರಂತೆ. ನಮ್ಮನ್ನು ಗುರುತಿಸಿ ನಕ್ಕರು. “ಸ್ವಾಮಿ, ಅಮ್ಮನಿಗೆ ಒಂದು ಪ್ರಾರ್ಥನೆ ಹೇಳಿ, ನನಗೆ ಬರುವುದಿಲ್ಲ” ಎಂದರು. ಹೇಳಿದೆವು. ಕೊನೆಯ ‘ಆಮೆನ್’ಗೆ ಅವರ ತುಟಿ ಅಲುಗಿತೋ ಇಲ್ಲವೋ ನಾವು ನೋಡಲಿಲ್ಲ, ನೋಡುವುದು ನಮ್ಮ ಕೆಲಸವೆಂದು ತೋರಲಿಲ್ಲ. ಅವರು ಬತ್ತಿ ಉರಿದು ಮುಗಿಯುವವರೆಗೆ ನಿಂತರು, ನಾವೂ ನಿಂತೆವು.

ಈ ಗೋಷ್ಠಿಗೆ ಸಮಿತಿಯವರು ಇನ್ನು ಅರ್ಧ ಗಂಟೆ ಉಳಿಸಿದ್ದಾರೆ. ಹಿಂದಿನ ಸಾಲಿನಲ್ಲಿ ಕುಳಿತಿರುವ ಯುವಕರು ಬಹಳ ಹೊತ್ತಿನಿಂದ ಒಬ್ಬರಿಗೊಬ್ಬರು ಏನೋ ಪಿಸುಗುಟ್ಟುತ್ತಿರುವುದನ್ನು ಗಮನಿಸಿದ್ದೇವೆ. ಅವರು ಕೇಳಲಿ. ಈ ಸಲ ನಾವು ಕಾಗದ ಪೆನ್ಸಿಲು ತಂದಿಲ್ಲ.